ಭರಣಿಯಂಥ ಮರ

ನೀವೀಗ ಅಡುಗೆಮನೆಯಲ್ಲಿದ್ದೀರಾ? ಹಾಗಿದ್ದರೆ ಉಪ್ಪಿನಕಾಯಿ ಭರಣಿಯತ್ತ ಒಮ್ಮೆ ನೋಡಿ. ಬುಡ ದಪ್ಪ. ಹೊಟ್ಟೆ ಇನ್ನೂ ದಪ್ಪ. ಮೇಲೆ ಹೋದಂತೆ ಕತ್ತು ಸಣ್ಣ. ಈಗ ಆ ಭರಣಿಯನ್ನು ಮನಸ್ಸಿನಲ್ಲೇ ಮೂರು ಆಳೆತ್ತರಕ್ಕೆ ಬೆಳೆಸಿ. ಮೈಗೆ ಬಿರುಕುಬಿಟ್ಟ ಬೂದುಬಣ್ಣದ ತೊಗಟೆ ಹೊದಿಸಿ. ಬಾಯಿಯಿಂದ ನಾಲ್ಕಾರು ಕೊಂಬೆ ಹೊರಡಿಸಿ. ಕೊಂಬೆ ತುಂಬ ಬೆರಳುದ್ದದ, ಕಿರಿದಾದ ಹಸಿರೆಲೆ ತೂಗುಹಾಕಿ. ಅಷ್ಟಾದರೆ ನೀವು ಆಸ್ಟ್ರೇಲಿಯಾದ ಬಾಟಲ್ ಮರವನ್ನು ಕಂಡ ಹಾಗೆಯೇ.

ಇವತ್ತಿನ ನನ್ನ ಮಾತು ಆ ಮರದ್ದು. ಅದನ್ನು ನಮ್ಮ ಮನೆಯಂಗಳದಲ್ಲಿ ಬೆಳೆಸುವುದು ಹೇಗೆ ಅನ್ನುವುದರದ್ದು.

ನಾನಿರುವುದು ಬೆಂಗಳೂರು ದಂಡಿನ ರಿಚರ್ಡ್ಸ್ ಟೌನಿನಲ್ಲಿ. ನಮ್ಮ ಬಡಾವಣೆಯ ಪರಿಚಯ ಇಲ್ಲದವರಿಗೆ ಎರಡು ಮಾತು ಹೇಳಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಕ್ಕಟ್ಟಿನ ಗಲ್ಲಿಗಳಲ್ಲಿ ಜನ ಸತ್ತರು. ಆಮೇಲಿನ ವರ್ಷಗಳಲ್ಲಿ, ಮನೆಗಳ ನಡುವೆ ಗಾಳಿ ಆಡಬೇಕು, ಬೆಳಕು ಬೀಳಬೇಕು ಎಂದು ದಂಡಿನ ಉತ್ತರಕ್ಕೆ ಹೊಸ ಬಡಾವಣೆಗಳು ಎದ್ದವು. ಫ್ರೇಜರ್ ಟೌನ್, ಕಾಕ್ಸ್ ಟೌನ್, ನಮ್ಮ ರಿಚರ್ಡ್ಸ್ ಟೌನ್. ನಡುವೆ ಒಂದು ಪಾರ್ಕು. ಸುತ್ತ ದೊಡ್ಡ ಕಾಂಪೌಂಡಿನ ಬಂಗಲೆಗಳು. ಕಿಟಕಿಯ ಮೇಲೆ ಮರದ ಪಟ್ಟಿಗಳ ಚೂಪು ಟೋಪಿ. ಅದಕ್ಕೆ ನಾವು ಮಂಕಿ ಟಾಪ್ ಅನ್ನುತ್ತೇವೆ.

ಆ ಕಾಂಪೌಂಡುಗಳಲ್ಲಿ ಎರಡು ಸಂಸಾರಗಳು ಬೆಳೆದವು. ಒಂದು ಮನುಷ್ಯರದ್ದು. ಇನ್ನೊಂದು ಆಸ್ಟ್ರೇಲಿಯಾದ ಮರಗಳದ್ದು. ಇದು ಸುಮ್ಮನೆ ಹೇಳಿದ ಮಾತಲ್ಲ. ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು. ಬೇಸಿಗೆ ಶುರುವಾಗುವಾಗ ಅದು ಬಾಚಣಿಗೆಯ ಹಲ್ಲಿನ ಹಾಗೆ ಸಾಲಾಗಿ ಕಿತ್ತಳೆಬಣ್ಣದ ಹೂ ಬಿಡುತ್ತದೆ. ಕೆಂಪು ಕುಚ್ಚಿನ ಬಾಟಲ್ ಬ್ರಷ್ ಅಲ್ಲಿಯದೇ. ನೀಲಗಿರಿ ಅಲ್ಲಿಯದು, ಹೆಸರು ಮಾತ್ರ ನಮ್ಮ ಬೆಟ್ಟದ್ದು. ಗಾಳಿಮರ ಅಂದರೆ ಸರ್ವೆ, ಅದೂ ಆ ಕಡೆಯ ಕರಾವಳಿಯಿಂದ ಬಂದದ್ದೇ. ಕ್ರಿಸ್‌ಮಸ್ ಹಬ್ಬಕ್ಕೆಂದು ಕುಂಡದಲ್ಲಿ ತಂದು, ಹಬ್ಬ ಮುಗಿದ ಮೇಲೆ ನೆಲಕ್ಕೆ ಇಳಿಸಿದ ಮರಗಳಿವೆಯಲ್ಲ, ಅಂತಸ್ತಿನ ಮೇಲೆ ಅಂತಸ್ತು ಕಟ್ಟಿದ ಹಾಗೆ ಬೆಳೆಯುವವು? ಅವುಗಳ ತವರು ಆಸ್ಟ್ರೇಲಿಯಾಕ್ಕೆ ಸೇರಿದ ನಾರ್ಫೋಕ್ ದ್ವೀಪ. ಈಗ ಅವು ಮಂಕಿ ಟಾಪನ್ನು ದಾಟಿ, ಹೆಂಚನ್ನು ದಾಟಿ, ಪಕ್ಕದ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕನ್ನು ಇಣುಕಿ ನೋಡುತ್ತಿವೆ.

ಮನುಷ್ಯರ ಕತೆ ಇದರ ತಿರುಗುಮುರುಗು. 1947ರ ನಂತರ ದಂಡಿನ ಎಷ್ಟೋ ಆಂಗ್ಲೋ ಇಂಡಿಯನ್ ಕುಟುಂಬಗಳು ಪರ್ತ್‌ಗೆ, ಮೆಲ್ಬರ್ನ್‌ಗೆ ಹೋಗಿ ನೆಲೆಸಿದವು. ಅಲ್ಲಿಯ ಮರ ಇಲ್ಲಿ ಉಳಿಯಿತು. ಇಲ್ಲಿಯ ಜನ ಅಲ್ಲಿಗೆ ಹೋದರು.

ಇಷ್ಟೆಲ್ಲ ಬಂದರೂ ಬಾಟಲ್ ಮರ ಮಾತ್ರ ನಮ್ಮ ಅಂಗಳಗಳಲ್ಲಿ ಅಪರೂಪ. ಅದಕ್ಕೆ ಕನ್ನಡದಲ್ಲಿ ಒಂದು ಹೆಸರೂ ಬಿದ್ದಿಲ್ಲ. ನಾನು ಭರಣಿ ಮರ ಅನ್ನುತ್ತೇನೆ. ನಿಮಗೆ ಒಪ್ಪಿಗೆಯಾದರೆ ನೀವೂ ಅನ್ನಿ.

ಮೊದಲು ಒಂದು ಗೊಂದಲ ಬಿಡಿಸಬೇಕು. ನಾನೇ ಮೋಸಹೋದದ್ದರಿಂದ ಹೇಳುತ್ತಿದ್ದೇನೆ. ಹಲವು ವರ್ಷಗಳ ಹಿಂದೆ ಒಂದು ನರ್ಸರಿಗೆ ಹೋಗಿ ಬಾಟಲ್ ಮರ ಕೊಡಿ ಅಂದೆ. ಕೊಟ್ಟರು. ಆಟೋದಲ್ಲಿ ಕಾಲಸಂದಿಯಲ್ಲಿ ಇಟ್ಟುಕೊಂಡು ತಂದೆ. ನಮ್ಮ ಮನೆಯ ತೋಟದ ಕೆಲಸಕ್ಕೆ ಬರುವ ತಾತ ಒಬ್ಬರಿದ್ದರು. ಗಿಡ ನೋಡಿ ನಕ್ಕರು. "ಏನಮ್ಮಾ, ಮರ ತರ್ತೀನಿ ಅಂತ ಹೋಗಿ ಪಾಮ್ ತಂದಿದ್ದೀರಲ್ಲ" ಅಂದರು. ನಿಜ, ಅದು ಬಾಟಲ್ ಪಾಮ್. ಮಾರಿಷಸ್ ಕಡೆಯ ತಾಳೆ ಜಾತಿ. ಅದಕ್ಕೂ ಬುಡ ಊದಿರುತ್ತದೆ, ಆದರೆ ಗರಿ ತೆಂಗಿನ ಗರಿಯ ಹಾಗೆ. ಇನ್ನೊಂದಿದೆ, ಬುಡ ಈರುಳ್ಳಿಯ ಹಾಗೆ ಉಬ್ಬಿ, ತಲೆಯಲ್ಲಿ ಕುದುರೆಬಾಲದಂತೆ ಎಲೆ ಇಳಿಬಿಡುವ ಗಿಡ. ಅದು ಮೆಕ್ಸಿಕೋದ್ದು. ಮತ್ತೊಂದು, ಹೊಟ್ಟೆ ಉಬ್ಬಿದ ಕಾಂಡದ ತುಂಬ ದಪ್ಪ ಮುಳ್ಳು, ಚೆಂದದ ಗುಲಾಬಿ ಹೂವು. ಅದು ದಕ್ಷಿಣ ಅಮೆರಿಕದ ಬೂರುಗ. ಹೆಸರು ಕೇಳಿ ಕೊಳ್ಳಬೇಡಿ. ಗಿಡದ ಎಲೆ ನೋಡಿ ಕೊಳ್ಳಿ.

ಎಲೆಯಲ್ಲೂ ಒಂದು ತಮಾಷೆಯಿದೆ. ಭರಣಿ ಮರ ಎಳೆಯದಿದ್ದಾಗ ಒಂದು ಎಲೆ ಬಿಡುತ್ತದೆ, ಬಲಿತಾಗ ಇನ್ನೊಂದು. ಸಸಿಯ ಎಲೆ ಅಂಗೈಯಂತೆ. ಒಂದು ತೊಟ್ಟಿನಿಂದ ಐದಾರು ಸಣ್ಣ ಬೆರಳು ಹೊರಟಿರುತ್ತವೆ. ಮರ ದೊಡ್ಡದಾದ ಮೇಲೆ ಬೆರಳೆಲ್ಲ ಹೋಗಿ ಒಂದೇ ಉದ್ದನೆಯ ಪಟ್ಟಿ ಉಳಿಯುತ್ತದೆ. ಸಸಿಯನ್ನೂ ಮರವನ್ನೂ ಪಕ್ಕಪಕ್ಕ ಇಟ್ಟರೆ ತಾಯಿ ಮಗು ಎಂದು ಯಾರೂ ಹೇಳಲಾರರು.

ಸಸ್ಯಶಾಸ್ತ್ರದವರು ಇದನ್ನು ಬ್ರ್ಯಾಕಿಕೈಟನ್ ರುಪೆಸ್ಟ್ರಿಸ್ ಎಂದು ಕರೆಯುತ್ತಾರೆ. ಒಮ್ಮೆ ಹೇಳಿದ್ದೇನೆ, ಇನ್ನು ಹೇಳುವುದಿಲ್ಲ. ನರ್ಸರಿಯಲ್ಲಿ ಕೇಳಲು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಸಾಕು.

ಅಲ್ಲಿಗೆ, ಮರ ಯಾವುದು, ಯಾವುದಲ್ಲ ಎಂದು ತಿಳಿಯಿತು. ಇನ್ನು ಅದರ ತವರು. ತವರು ತಿಳಿಯದೆ ಸೊಸೆಯನ್ನು ಸಾಕಲಾಗುವುದಿಲ್ಲ.

ಆಸ್ಟ್ರೇಲಿಯಾದ ಈಶಾನ್ಯ ಭಾಗಕ್ಕೆ ಕ್ವೀನ್ಸ್‌ಲ್ಯಾಂಡ್ ಎಂದು ಹೆಸರು. ಭರಣಿ ಮರ ಆ ರಾಜ್ಯದ ಒಳನಾಡಿನದು. ಅಲ್ಲಿ ಮಳೆ ಕಡಿಮೆ. ರೋಮಾ ಎನ್ನುವ ಊರಿನಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್. ಅದೂ ಬಿದ್ದರೆ ಬಿತ್ತು. ಅಂಥ ಕಡೆ ಈ ಮರ ಮಳೆ ಬಂದಾಗ ನೀರನ್ನು ಒಳಗೆ ಎಳೆದುಕೊಂಡು ಬರಗಾಲಕ್ಕೆ ಇಟ್ಟುಕೊಳ್ಳುತ್ತದೆ. ಆದರೆ ಒಳಗೆ ಟೊಳ್ಳಿಲ್ಲ. ಕೊರೆದರೆ ನಲ್ಲಿಯ ಹಾಗೆ ನೀರು ಸುರಿಯುವುದೂ ಇಲ್ಲ. ಬಾಳೆದಿಂಡನ್ನು ನೆನಪಿಸಿಕೊಳ್ಳಿ. ಹಾಗೆ ಒಳಗೆಲ್ಲ ಮೆತ್ತಗಿನ, ಒದ್ದೆಯಾದ ತಿರುಳು. ನೀರು ಆ ತಿರುಳಿನ ಸಂದುಸಂದಿನಲ್ಲಿರುತ್ತದೆ.

ಆ ನೆಲದ ಮೂಲನಿವಾಸಿಗಳಿಗೆ ಈ ಮರದ ಗುಣ ಎಂದಿನಿಂದಲೋ ಗೊತ್ತು. ಎಳೆಯ ಗಿಡದ ಬೇರು ಅವರಿಗೆ ಆಹಾರ. ಬೀಜವನ್ನೂ ತಿನ್ನುತ್ತಿದ್ದರು. ನಾರಿನಿಂದ ಬಲೆ ಹೆಣೆಯುತ್ತಿದ್ದರು. ಇದೇ ಕುಲದ ಇನ್ನೊಂದು ಮರಕ್ಕೆ ಕುರಾಜಾಂಗ್ ಎನ್ನುತ್ತಾರೆ. ಅದು ಸಿಡ್ನಿ ಕಡೆಯ ಮೂಲನಿವಾಸಿಗಳ ಮಾತು. ಅರ್ಥ, ಮೀನು ಹಿಡಿಯುವ ದಾರ. ಬಿಳಿಯರ ಪೈಕಿ ಥಾಮಸ್ ಮಿಚೆಲ್ ಎಂಬ ಸರ್ವೆ ಅಧಿಕಾರಿ 1846ರಲ್ಲಿ ಆ ಸೀಮೆಯಲ್ಲಿ ಅಲೆದಾಗ ಇದನ್ನು ಕಂಡು ಬೆರಗಾದ. 1848ರ ಅವನ ಪುಸ್ತಕದಿಂದ ಹೊರಲೋಕಕ್ಕೆ ಮರದ ಸುದ್ದಿ ತಲುಪಿತು. ಆಮೇಲೆ ಬಂದ ರೈತರು ಕಾಡು ಕಡಿದು ಹುಲ್ಲುಗಾವಲು ಮಾಡಿದರು. ಆದರೆ ಭರಣಿ ಮರವನ್ನು ಬೇಕೆಂದೇ ಬಿಟ್ಟರು. ದನಕ್ಕೆ ನೆರಳಾಯಿತು. ದೊಡ್ಡ ಬರ ಬಂದಾಗ ಮರ ಉರುಳಿಸಿ, ತೊಗಟೆ ಸುಲಿದು, ತಿರುಳನ್ನೇ ದನಕ್ಕೆ ಮೇವಾಗಿ ಹಾಕುತ್ತಿದ್ದರು.

ನಾನು ಹೇಳಿದ ಆ ರೋಮಾ ಊರಿನಲ್ಲಿ ಒಂದು ಸಾಲುಮರದ ಬೀದಿಯಿದೆ. ಮೊದಲ ಮಹಾಯುದ್ಧದಲ್ಲಿ ಊರಿನ ಹುಡುಗರು ದೂರದೇಶಗಳಲ್ಲಿ ಸತ್ತರು. ಸತ್ತ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಭರಣಿ ಮರ ನೆಟ್ಟರು. ನೆಡಲು ಶುರುಮಾಡಿದ್ದು 1918ರಲ್ಲಿ. ಒಟ್ಟು 90ಕ್ಕೂ ಹೆಚ್ಚು ಮರ. ಅದೇ ಯುದ್ಧದಲ್ಲಿ, ಅದೇ ವರ್ಷದ ಸೆಪ್ಟೆಂಬರ್ 23ರಂದು ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು ಹೈಫಾ ಊರಿಗೆ ನುಗ್ಗಿದರು. ಅವರ ನೆನಪಿನ ಕಂಬ ನಮ್ಮ ಮನೆಯಿಂದ ಬಹಳ ದೂರವೇನಿಲ್ಲ, ಜಯಚಾಮರಾಜೇಂದ್ರ ನಗರದ ಹತ್ತಿರ ನಿಂತಿದೆ. ನಾವು ಕಲ್ಲು ನಿಲ್ಲಿಸಿದೆವು. ಅವರು ಮರ ನೆಟ್ಟರು. ಯಾವುದು ಹೆಚ್ಚು ಎಂದು ನಾನು ಕೇಳುತ್ತಿಲ್ಲ. ಸೈನಿಕರ ದಂಡಿನಲ್ಲಿ ಹುಟ್ಟಿ ಬೆಳೆದ ನನಗೆ ಎರಡೂ ಒಟ್ಟಿಗೆ ನೆನಪಾಗುತ್ತವೆ, ಅಷ್ಟೆ.

ಒಳನಾಡಿನ ಮರ, ಬರಗಾಲದ ಮರ, ಮೈಯಲ್ಲೇ ನೀರು ಹೊತ್ತ ಮರ. ಇದನ್ನು ನೆನಪಿನಲ್ಲಿಡಿ. ಇನ್ನು ಒಂದು ನೆಂಟಸ್ತಿಕೆ ಹೇಳಿ ತೋಟಕ್ಕೆ ಇಳಿಯುತ್ತೇನೆ.

ಈ ಮರ ಪರದೇಶದ್ದು ನಿಜ. ಆದರೆ ಕುಲ ನೋಡಿದರೆ ದಾಸವಾಳದ ಬಳಗ. ನಿಮ್ಮ ಅಂಗಳದ ದಾಸವಾಳ, ಹುಳಿಗೆ ಹಾಕುವ ಬೆಂಡೆಕಾಯಿ, ಹೊಲದ ಹತ್ತಿ, ಎಲ್ಲ ಇದರ ದಾಯಾದಿಗಳು. ಇನ್ನೊಬ್ಬ ದಾಯಾದಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿದ್ದಾನೆ. ಅಲ್ಲಿಯ ಕಲ್ಮಠದ ಆವರಣದಲ್ಲಿ ದೊಡ್ಡಹುಣಸೆ ಎನ್ನುವ ಮೂರು ಮರಗಳಿವೆ. ಹೆಸರು ಹುಣಸೆ, ಜಾತಿ ಹುಣಸೆಯಲ್ಲ. ಆಫ್ರಿಕಾದ ಬಾವೋಬಾಬ್. ಮಠಕ್ಕೆ ದೊಡ್ಡಹುಣಸೆ ಕಲ್ಮಠ ಎಂದೇ ಹೆಸರು. ಇವೂ ಹೊಟ್ಟೆಯಲ್ಲಿ ನೀರಿಟ್ಟುಕೊಳ್ಳುವ ಮರಗಳೇ. 2023ರ ಮಳೆಗಾಲದಲ್ಲಿ ಆ ಮೂರರಲ್ಲಿ ಒಂದು ಬುಡಸಮೇತ ಉರುಳಿತು. ಅದನ್ನು ಎತ್ತಿ ಮತ್ತೆ ನೆಟ್ಟರು. ಬೇರೆ ಮರವಾಗಿದ್ದರೆ ಸೌದೆಯಾಗುತ್ತಿತ್ತು. ಆಸ್ಟ್ರೇಲಿಯಾದ ಭರಣಿ ಮರವೂ ಹೀಗೆಯೇ ಗಟ್ಟಿ ಜೀವ. ದೊಡ್ಡ ಮರವನ್ನೇ ಬೇರುಸಹಿತ ಕಿತ್ತು, ವಾರಗಟ್ಟಲೆ ಹೊರಗಿಟ್ಟು, ಬೇರೆ ಊರಿನಲ್ಲಿ ನೆಟ್ಟರೂ ಚಿಗುರುತ್ತದೆ.

ಹಾಗಾದರೆ ಇದನ್ನು ಕೊಲ್ಲುವುದು ಹೇಗೆ?

ಪ್ರೀತಿಯಿಂದ ನೀರು ಹಾಕಿ ಕೊಲ್ಲಬಹುದು. ನಾನು ಕೊಂದಿದ್ದೇನೆ.

ಎರಡನೆಯ ಸಲ ಸರಿಯಾದ ಸಸಿಯೇ ಸಿಕ್ಕಿತು. ಗೇಣುದ್ದದ ಸಸಿ. ಜೂನ್ ತಿಂಗಳು. ಗುಲಾಬಿ ಪಾತಿಯ ಪಕ್ಕ ನೆಟ್ಟೆ. ಗುಲಾಬಿಗೆ ಹಾಕುವಾಗಲೆಲ್ಲ ಇದಕ್ಕೂ ಒಂದು ಚೊಂಬು. ಮಳೆ ಬೇರೆ. ಕೊಟ್ಟಿಗೆ ಗೊಬ್ಬರ ಬೇರೆ. ಆಗಸ್ಟಿನಲ್ಲಿ ಎಲೆ ಹಳದಿಯಾಯಿತು. ನೀರು ಸಾಲದೇನೋ ಎಂದು ಎರಡು ಚೊಂಬು ಹಾಕಿದೆ. ಸೆಪ್ಟೆಂಬರಿನಲ್ಲಿ ಕೈಯಿಂದ ಮುಟ್ಟಿದರೆ ಬುಡ ಬೆಂದ ಗೆಣಸಿನ ಹಾಗೆ ಮೆತ್ತಗೆ. ತಾತ ಕಿತ್ತು ಮೂಸಿ ನೋಡಿದರು. "ಬೇರು ಕೊಳೆತೋಯ್ತು. ಹೊಟ್ಟೆ ತುಂಬಿರೋರಿಗೆ ಬಲವಂತ ಮಾಡ್ಬಾರದಮ್ಮಾ" ಅಂದರು.

ಲೆಕ್ಕ ನೋಡಿ. ರೋಮಾದಲ್ಲಿ 600 ಮಿಲಿಮೀಟರ್ ಅಂದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 950. ಅಲ್ಲಿ ಮಳೆ ಹೆಚ್ಚಾಗಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಅವರ ಬೇಸಿಗೆಯಲ್ಲಿ. ಬಿಸಿಲಿನ ಕಾಲದಲ್ಲಿ ಬಿದ್ದ ನೀರನ್ನು ಮರ ಬಳಸಿಕೊಳ್ಳುತ್ತದೆ, ಉಳಿದದ್ದು ಆರುತ್ತದೆ. ಇಲ್ಲಿ ಹಾಗಲ್ಲ. ಸೆಪ್ಟೆಂಬರಿನಲ್ಲಿ ದಿನಗಟ್ಟಲೆ ಮೋಡ. ನಮ್ಮ ಕೆಮ್ಮಣ್ಣು ಮೇಲೆ ಒಣಗಿದಂತೆ ಕಂಡರೂ ಒಂದು ಅಡಿ ಕೆಳಗೆ ಅಂಟಂಟು. ಆದ್ದರಿಂದ ಬೆಂಗಳೂರಿನಲ್ಲಿ ಈ ಮರಕ್ಕೆ ಮಳೆಯ ಚಿಂತೆ ಬೇಡ. ನೀರು ಬಸಿಯುವ ಚಿಂತೆ ಇರಲಿ. ಇವತ್ತಿನ ಭಾಷಣದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಸರಿ, ನೆಡುವುದು ಹೇಗೆ?

ಜಾಗ ಮೊದಲು. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳಬೇಕು. ಕಾಡಿನಲ್ಲಿ ಈ ಮರ ಮೂವತ್ತರಿಂದ ಅರವತ್ತು ಅಡಿ ಎತ್ತರವಾಗುತ್ತದೆ. ಕೆಲವು ಮುದಿ ಮರಗಳನ್ನು ನಾಲ್ಕೈದು ಜನ ಕೈಕೈ ಹಿಡಿದು ಅಪ್ಪಬೇಕು. ಮನೆಯಲ್ಲಿ ಅಷ್ಟಾಗಲು ನಮ್ಮ ಮೊಮ್ಮಕ್ಕಳ ಕಾಲ ಬರಬೇಕು. ಆದರೂ ಕಾಂಪೌಂಡ್ ಗೋಡೆಯಿಂದ, ಸಂಪಿನಿಂದ, ಒಳಚರಂಡಿ ಕೊಳವೆಯಿಂದ ಇಪ್ಪತ್ತು ಅಡಿ ದೂರ ಬಿಡಿ. ಇನ್ನೊಂದು ಕಾರಣವೂ ಇದೆ. 1976ರ ಮರಸಂರಕ್ಷಣಾ ಕಾಯಿದೆಯ ಪ್ರಕಾರ, ನಿಮ್ಮ ಕಾಂಪೌಂಡಿನ ಮರವನ್ನೇ ಆದರೂ ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ತಪ್ಪು ಜಾಗದಲ್ಲಿ ನೆಟ್ಟು ಆಮೇಲೆ ಅರ್ಜಿ ಹಿಡಿದು ಅಲೆಯಬೇಡಿ.

ಮೂವತ್ತು ನಲವತ್ತರ ಸೈಟಿನವರು ಇದನ್ನು ನೆಲಕ್ಕೆ ನೆಡಲೇಬೇಡಿ. ಖಂಡಿತವಾಗಿ ಹೇಳುತ್ತೇನೆ. ನಿಮಗೆ ಕುಂಡ ಇದೆ. ಅದರ ಮಾತಿಗೆ ಬರುತ್ತೇನೆ.

ಗುಂಡಿ ಎರಡಡಿ ಅಗಲ, ಎರಡಡಿ ಆಳ. ತೆಗೆದ ಕೆಮ್ಮಣ್ಣಿಗೆ ಅರ್ಧದಷ್ಟು ಮರಳು ಮತ್ತು ಸಣ್ಣ ಜಲ್ಲಿ ಬೆರೆಸಿ. ಮರಳು ದುಬಾರಿಯಾದರೆ ಇಟ್ಟಿಗೆ ಪುಡಿಯೂ ಆದೀತು. ಗೊಬ್ಬರ ಒಂದು ಬೊಗಸೆ ಸಾಕು. ಮುಖ್ಯ ಸಂಗತಿ ಈಗ. ನಾವು ಗಿಡದ ಬುಡಕ್ಕೆ ಪಾತಿ ಮಾಡುತ್ತೇವೆ, ನೀರು ನಿಲ್ಲಲಿ ಎಂದು. ಇದಕ್ಕೆ ಪಾತಿ ಬೇಡ, ದಿಬ್ಬ ಬೇಕು. ನೆಲದಿಂದ ಒಂದಡಿ ಎತ್ತರಕ್ಕೆ ಮಣ್ಣು ಏರಿಸಿ, ಆ ದಿಬ್ಬದ ನೆತ್ತಿಯ ಮೇಲೆ ಸಸಿ ನೆಡಿ. ಬಿದ್ದ ಮಳೆ ಜಾರಿ ಹೋಗಬೇಕು. ನೆಡುವ ಕಾಲವೂ ಜೂನ್ ಅಲ್ಲ. ಫೆಬ್ರವರಿ ಇಲ್ಲವೇ ಮಾರ್ಚ್. ಏಪ್ರಿಲಿನ ಮಾವಿನ ಹೊಯ್ಲು ಬರುವ ಹೊತ್ತಿಗೆ ಬೇರು ಊರಿರುತ್ತದೆ. ಮುಂಗಾರಿಗೆ ಅದು ಸಿದ್ಧವಾಗಿರುತ್ತದೆ.

ನೀರು, ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ. ಮಳೆ ಶುರುವಾದ ಮೇಲೆ ಇಲ್ಲ. ಎರಡು ವರ್ಷ ಕಳೆದ ಮೇಲೆ, ಏಪ್ರಿಲ್ ಮೇ ತಿಂಗಳಲ್ಲಿ ಎರಡು ವಾರಕ್ಕೊಮ್ಮೆ ಹಾಕಿದರೆ ಹೆಚ್ಚು. ಒಣಕಾಲದಲ್ಲಿ ಎಲೆ ಉದುರಿದರೆ ಗಾಬರಿಯಾಗಬೇಡಿ. ಉದುರಿಸುವುದು ಅದರ ಸ್ವಭಾವ. ಬುಡ ಒತ್ತಿ ನೋಡಿ. ಗಟ್ಟಿಯಿದ್ದರೆ ಗಿಡ ಚೆನ್ನಾಗಿದೆ.

2024ರ ಮಾರ್ಚ್ ತಿಂಗಳು ನೆನಪಿದೆಯೇ? ಕೊಳವೆಬಾವಿಗಳು ಬತ್ತಿದವು. ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಹಾಕಬಾರದೆಂದು ಆದೇಶ ಹೊರಡಿಸಿತು. ತಪ್ಪಿದರೆ 5,000 ರೂಪಾಯಿ ದಂಡ. ನಮ್ಮ ಬೀದಿಯಲ್ಲಿ ಹುಲ್ಲುಹಾಸುಗಳು ಚಾಪೆಯ ಬಣ್ಣಕ್ಕೆ ತಿರುಗಿದವು. ಆ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಅಕ್ಕಿ ತೊಳೆದ ನೀರಿಗೂ ಗಿರಾಕಿಗಳಿದ್ದರು. ಮಲ್ಲಿಗೆ ಕೇಳುತ್ತಿತ್ತು, ಕರಿಬೇವು ಕೇಳುತ್ತಿತ್ತು. ಭರಣಿ ಗಿಡ ಒಂದು ಕೇಳಲಿಲ್ಲ. ಎಲೆ ಉದುರಿಸಿ, ಹೊಟ್ಟೆ ಇಟ್ಟುಕೊಂಡು ಕೂತಿತ್ತು. ಮೇ ತಿಂಗಳ ಮಳೆಗೆ ಚಿಗುರಿತು.

ಹೌದು, ಆ ಗಿಡ ಮೂರನೆಯದು. ಅದು ನೆಲದಲ್ಲಿಲ್ಲ, ಕುಂಡದಲ್ಲಿದೆ.

ಇಲ್ಲಿಯವರೆಗೆ ನೆಲದಲ್ಲಿ ನೆಡುವವರಿಗೆ ಹೇಳಿದೆ. ಬಿಸಿಲು, ದೂರ, ದಿಬ್ಬ, ಕಡಿಮೆ ನೀರು. ಇನ್ನು ಬಾಲ್ಕನಿಯವರಿಗೆ, ಟೆರೇಸಿನವರಿಗೆ.

ಇದನ್ನು ಕುಂಡದಲ್ಲಿ ಬೆಳೆಸುವುದೇ ನನಗೆ ಹೆಚ್ಚು ಇಷ್ಟ. ಎಳೆಯ ಭರಣಿ ಗಿಡದ ಬೇರು ಮೂಲಂಗಿಯ ಹಾಗೆ ಊದುತ್ತದೆ. ಪ್ರತಿ ಸಲ ಕುಂಡ ಬದಲಿಸುವಾಗ ಗಿಡವನ್ನು ಎರಡು ಬೆರಳು ಮೇಲೆತ್ತಿ ನೆಡಿ. ಊದಿದ ಬೇರು ಮಣ್ಣಿನ ಮೇಲೆ ಕಾಣತೊಡಗುತ್ತದೆ. ನೆಲದಲ್ಲಿ ಕಾಂಡ ಊದಲು ಐದರಿಂದ ಎಂಟು ವರ್ಷ ಕಾಯಬೇಕು. ಕುಂಡದಲ್ಲಿ ಈ ಉಪಾಯದಿಂದ ಮೂರನೆಯ ವರ್ಷಕ್ಕೇ ಪುಟ್ಟ ಭರಣಿ ಸಿದ್ಧ. ಮಣ್ಣಿನ ಕುಂಡವೇ ಇರಲಿ. ಪ್ಲಾಸ್ಟಿಕ್ಕಿನಲ್ಲಿ ಒದ್ದೆ ಆರುವುದಿಲ್ಲ. ತಳದ ತೂತು ಮುಚ್ಚಿಕೊಳ್ಳದ ಹಾಗೆ ಒಡೆದ ಹೆಂಚಿನ ಚೂರು ಹಾಕಿ. ಕುಂಡದ ಕೆಳಗೆ ತಟ್ಟೆ ಇಡಬೇಡಿ. ಮಳೆಗಾಲದಲ್ಲಿ ಸಜ್ಜಾದ ಕೆಳಕ್ಕೆ ಸರಿಸಿ.

ಬೀಜದಿಂದಲೂ ಸಸಿ ಮಾಡಬಹುದು. ಕಾಯಿ ದೋಣಿಯಾಕಾರ, ಮರದಷ್ಟು ಗಟ್ಟಿ. ಒಳಗೆ ಜೋಳದ ಕಾಳಿನಂಥ ಬೀಜಗಳು, ಸುತ್ತ ಸಣ್ಣ ರೋಮ. ಆ ರೋಮ ಚರ್ಮಕ್ಕೆ ತಾಗಿದರೆ ನಸುಗುನ್ನಿಯಷ್ಟಲ್ಲದಿದ್ದರೂ ತುರಿಕೆ ತಪ್ಪದು. ಕೈಗೆ ಚೀಲ ಕಟ್ಟಿಕೊಂಡು ಬಿಡಿಸಿ. ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಸಿ ಮರಳಿನಲ್ಲಿ ಊರಿದರೆ ಕೆಲವೇ ವಾರಗಳಲ್ಲಿ ಮೊಳಕೆ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಕಡೆ ಮನೆಗೊಬ್ಬರು ಆಸ್ಟ್ರೇಲಿಯಾದಲ್ಲಿದ್ದಾರೆ. ಬರುವಾಗ ಬ್ಯಾಗಿನಲ್ಲಿ ನಾಲ್ಕು ಬೀಜ ಹಾಕಿಕೊಂಡು ಬಾ ಎಂದು ಹೇಳಬೇಡಿ. 2003ರ ಆಮದು ಆದೇಶದಂತೆ ಪರವಾನಗಿ, ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬೀಜ ತರುವಂತಿಲ್ಲ. ಇದು ಬರಿಯ ಕಾಗದದ ಕಟ್ಟಳೆಯಲ್ಲ. ಬೀಜದ ಜೊತೆ ಹುಳವೂ ರೋಗವೂ ಬರುತ್ತವೆ. ಲಾಲ್‌ಬಾಗಿನಲ್ಲಿ ನರ್ಸರಿದಾರರ ಸಹಕಾರ ಸಂಘದ ಮಳಿಗೆಯಿದೆ. ಸಿದ್ದಾಪುರದ ಸುತ್ತ ನರ್ಸರಿಗಳ ಸಾಲೇ ಇದೆ. ಚೀಟಿ ಹಿಡಿದು ಕೇಳಿ. ಇಲ್ಲ ಅಂದರೆ ಮುಂದಿನ ತಿಂಗಳು ಮತ್ತೆ ಕೇಳಿ.

ಕೊನೆಗೆ ಒಂದು ಮಾತು. ನೀಲಗಿರಿಯನ್ನು ಸರ್ಕಾರ 2017ರಲ್ಲಿ ಹೊಸದಾಗಿ ನೆಡಬಾರದೆಂದು ತಡೆಯಿತು. ಅದನ್ನು ಕೇಳಿದವರು, ಮತ್ತೊಂದು ಆಸ್ಟ್ರೇಲಿಯಾ ಮರ ಯಾಕಮ್ಮ ಎಂದು ನನ್ನನ್ನು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ನೀಲಗಿರಿಯನ್ನು ನಾವು ಎಕರೆಗಟ್ಟಲೆ, ಕೆರೆಯಂಗಳಕ್ಕೂ ಬಿಡದೆ ನೆಟ್ಟೆವು. ತಪ್ಪು ಅಲ್ಲಿದೆ. ಭರಣಿ ಮರವನ್ನು ತೋಪು ಮಾಡಿ ಎಂದು ನಾನು ಹೇಳುತ್ತಿಲ್ಲ. ಬೀದಿಗೆ, ಕೆರೆದಂಡೆಗೆ ಹೊಂಗೆ ನೆಡಿ, ನೇರಳೆ ನೆಡಿ. ಅಂಗಳದಲ್ಲಿ ಹಣ್ಣಿನ ಮರ ಒಂದಿರಲಿ. ಅದಾದ ಮೇಲೂ ಜಾಗ ಉಳಿದು, ನೀರು ಉಳಿಯದಿದ್ದರೆ, ಆಗ ಈ ಒಂದು.

ನೆಟ್ಟವರು ಒಂದು ಕೆಲಸ ಮಾಡಿ. ಪ್ರತಿ ಸಂಕ್ರಾಂತಿಯಂದು ಒಂದು ದಾರ ತೆಗೆದುಕೊಂಡು ಗಿಡದ ಹೊಟ್ಟೆಯನ್ನು ಅಳೆಯಿರಿ. ಕ್ಯಾಲೆಂಡರಿನ ಹಿಂದೆ ಬರೆದಿಡಿ. ಮಕ್ಕಳಿದ್ದರೆ ಅವರ ಕೈಯಲ್ಲೇ ಅಳೆಸಿ. ನಮ್ಮ ಮನೆಯದು ಈ ವರ್ಷ ಒಂದು ಗೇಣು, ನಾಲ್ಕು ಬೆರಳು.